ಜಪಾನಿನಲ್ಲಿ ಕಚೇರಿ ಮುಗಿಯುವುದು ಎಷ್ಟು ಗಂಟೆಗೆ?

ಟೋಕಿಯೊದ ಶಿಂಬಾಶಿ ನಿಲ್ದಾಣದ ಆಸುಪಾಸಿನ ಓಣಿಗಳಲ್ಲಿ ವಾರದ ದಿನ ರಾತ್ರಿ ಒಂಬತ್ತರ ಸುಮಾರಿಗೆ ನಡೆದುಹೋದರೆ ಒಂದು ದೃಶ್ಯ ಕಣ್ಣಿಗೆ ಬೀಳದೇ ಇರುವುದಿಲ್ಲ. ಕೆಂಪು ಕಾಗದದ ಲಾಂದ್ರ ತೂಗುಹಾಕಿದ ಪಾನಗೃಹವೊಂದರ ಮುಂದೆ, ರಸ್ತೆಯ ಅಂಚಿನಲ್ಲಿ, ಕಪ್ಪು ಸೂಟು ತೊಟ್ಟ ಹತ್ತು ಹನ್ನೆರಡು ಮಂದಿ ದುಂಡಗೆ ನಿಂತಿರುತ್ತಾರೆ. ಊಟ ಮುಗಿದಿದೆ, ಬಿಲ್ಲು ಕೊಟ್ಟಾಗಿದೆ, ನಿಲ್ದಾಣ ಕೂಗಳತೆಯಲ್ಲೇ ಇದೆ. ಆದರೂ ಯಾರೂ ಕದಲುವುದಿಲ್ಲ. ಮನೆಗೆ ಹೋಗುವವರು ಯಾರು, ಎರಡನೆಯ ಅಂಗಡಿಗೆ ಹೋಗುವವರು ಯಾರು ಎಂಬುದನ್ನು ಯಾರೂ ಬಾಯಿಬಿಟ್ಟು ಕೇಳದೆಯೇ ತೀರ್ಮಾನಿಸುವ ಹೊತ್ತು ಅದು. ಟೋಕಿಯೊದಲ್ಲಿ ಎಂಜಿನಿಯರಾಗಿ ದುಡಿದ ವರ್ಷಗಳಲ್ಲಿ, ಮದ್ಯವನ್ನಾಗಲಿ ಮೀನು ಮಾಂಸವನ್ನಾಗಲಿ ಮುಟ್ಟದ ನಾನೂ ಆ ಗುಂಪಿನಲ್ಲಿ ಲೆಕ್ಕವಿಲ್ಲದಷ್ಟು ಸಲ ನಿಂತಿದ್ದೇನೆ. ನಮ್ಮ ತಂಡದ ಕೆಲಸವೊಂದನ್ನು ಒಸಾಕಾ ಶಾಖೆಗೆ ವಹಿಸುತ್ತಾರೆ ಎಂಬ ಸುದ್ದಿ ನನ್ನ ಕಿವಿಗೆ ಮೊದಲು ಬಿದ್ದದ್ದು ಅಂಥ ಒಂದು ರಾತ್ರಿ, ಅಂಥ ಒಂದು ರಸ್ತೆಯಂಚಿನಲ್ಲಿ. ಸಭೆಯಲ್ಲಿ ಅದನ್ನು ಅಧಿಕೃತವಾಗಿ ತಿಳಿಸಿದ್ದು ಮೂರು ವಾರಗಳ ನಂತರ.

ಸಹೋದ್ಯೋಗಿಗಳ ಈ ಕುಡಿಯುವ ಕೂಟವನ್ನು ಜಪಾನಿ ಭಾಷೆಯಲ್ಲಿ ನೊಮಿಕಾಯ್ ಎನ್ನುತ್ತಾರೆ. ಜಪಾನಿಗೆ ಹೊಸದಾಗಿ ಬಂದವರು ಇದನ್ನು ಮೋಜಿನ ಕೂಟವೆಂದೋ, ಕೆಲಸದ ಒತ್ತಡ ಇಳಿಸಿಕೊಳ್ಳುವ ದಾರಿಯೆಂದೋ ಭಾವಿಸುತ್ತಾರೆ. ಅದೂ ಇರಬಹುದು. ಆದರೆ ಹಗಲಿನ ಕಚೇರಿಯಲ್ಲಿ ಆಗದ ಎಷ್ಟೋ ಕೆಲಸಗಳು, ಅಂದರೆ ಭಿನ್ನಾಭಿಪ್ರಾಯ ಹೇಳುವುದು, ತಪ್ಪಿಗೆ ಕ್ಷಮೆ ಕೇಳುವುದು, ಮುಂದೆ ಬರಲಿರುವ ಬದಲಾವಣೆಯ ಸುಳಿವು ಕೊಡುವುದು, ಬಡ್ತಿಗೆ ಯಾರು ತಕ್ಕವರೆಂದು ಅಳೆಯುವುದು, ಇವೆಲ್ಲ ಬಹುಕಾಲದಿಂದ ಈ ಮೇಜಿನ ಸುತ್ತಲೇ ನಡೆದುಬಂದಿವೆ ಎಂಬುದನ್ನು ಅರಿಯದೆ ಜಪಾನಿನ ಕಂಪನಿಯನ್ನು ಅರ್ಥ ಮಾಡಿಕೊಳ್ಳಲಾಗದು. ಈಗ ಆ ಮೇಜು ಬರಿದಾಗುತ್ತಿದೆ. ಅದೇ ಹೊತ್ತಿಗೆ ಜಪಾನಿನಲ್ಲಿ ದುಡಿಯುವ ವಿದೇಶಿಯರ ಸಂಖ್ಯೆ 2024ರ ಅಕ್ಟೋಬರ್ ವೇಳೆಗೆ 23 ಲಕ್ಷವನ್ನು ಮುಟ್ಟಿತ್ತು. ಅಲ್ಲಿ ನೆಲೆಸಿರುವ ಭಾರತೀಯರೇ 50 ಸಾವಿರಕ್ಕೂ ಹೆಚ್ಚು. ಹಳೆಯ ಬಾಗಿಲು ಮುಚ್ಚುತ್ತಿರುವಾಗ ಹೊಸಬರು ಒಳಗೆ ಬರುವುದು ಎಲ್ಲಿಂದ ಎಂಬುದು ಇಂದಿನ ಪ್ರಶ್ನೆ.

ಕೂಟದ ಒಳಗಿನ ವ್ಯವಸ್ಥೆಯನ್ನು ಹತ್ತಿರದಿಂದ ನೋಡಬೇಕು, ಏಕೆಂದರೆ ಅರ್ಥವಿರುವುದು ಆ ವಿವರಗಳಲ್ಲೇ. ಪ್ರತಿ ಕೂಟಕ್ಕೂ ಒಬ್ಬ ಕಾಂಜಿ, ಅಂದರೆ ಉಸ್ತುವಾರಿ ಹೊತ್ತವನು, ಇರುತ್ತಾನೆ. ಸಾಮಾನ್ಯವಾಗಿ ತಂಡದ ಕಿರಿಯನ ಹೆಗಲಿಗೆ ಬೀಳುವ ಹೊಣೆ ಇದು. ಜಾಗ ಕಾದಿರಿಸುವುದು, ತಲೆಗೆ ಇಷ್ಟೆಂದು ಹಣ ಕೂಡಿಸುವುದು, ಯಾರಿಗೆ ಯಾವ ಆಹಾರ ಆಗಿಬರದು ಎಂದು ವಿಚಾರಿಸುವುದು ಎಲ್ಲವೂ ಅವನದೇ. ಬಾಗಿಲಿನಿಂದ ಅತಿ ದೂರದ ಆಸನ ಕಾಮಿಝಾ, ಅದು ಹಿರಿಯರಿಗೆ. ಬಾಗಿಲ ಬಳಿಯದು ಶಿಮೊಝಾ, ಅಲ್ಲಿ ಕುಳಿತ ಕಿರಿಯನೇ ಪರಿಚಾರಕರನ್ನು ಕರೆದು ಬೇಕಾದದ್ದು ತರಿಸಬೇಕು. ಮೊದಲಿಗೆ ಎಲ್ಲರಿಗೂ ಬಿಯರ್ ಬರುತ್ತದೆ. 'ತೊರಿಯಾಎಝು ಬೀರು', ಅಂದರೆ 'ಸದ್ಯಕ್ಕೆ ಬಿಯರ್ ಇರಲಿ' ಎಂಬ ಮಾತು ಅಲ್ಲಿ ಗಾದೆಯಂತೆ ಬಳಕೆಯಲ್ಲಿದೆ. ಎಲ್ಲರ ಕೈಗೂ ಗ್ಲಾಸು ಬಂದು 'ಕಂಪಾಯ್' ಎಂದು ಕೂಗುವವರೆಗೂ ಯಾರೂ ಬಾಯಿಗಿಡುವುದಿಲ್ಲ. ಗ್ಲಾಸು ತಾಗಿಸುವಾಗ ಕಿರಿಯನದು ಹಿರಿಯನ ಗ್ಲಾಸಿಗಿಂತ ತುಸು ಕೆಳಗಿರಬೇಕು. ತನ್ನ ಗ್ಲಾಸಿಗೆ ತಾನೇ ಸುರಿದುಕೊಳ್ಳುವುದು ಚೆನ್ನಲ್ಲ. ಪಕ್ಕದವರ ಗ್ಲಾಸು ಬರಿದಾಗುವ ಮೊದಲೇ ಗಮನಿಸಿ, ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು ತುಂಬಿಸಬೇಕು. ನಮ್ಮ ಊಟದ ಪಂಕ್ತಿಯಲ್ಲಿ ಎಲೆ ಖಾಲಿಯಾದವರನ್ನು ಬಡಿಸುವವರು ಗಮನಿಸುವಂತೆ, ಇಲ್ಲಿ ಕುಳಿತವರೆಲ್ಲರೂ ಬಡಿಸುವವರೇ ಆಗಿರುತ್ತಾರೆ. ಸುಮಾರು ಎರಡು ಗಂಟೆ ಕಳೆದ ಮೇಲೆ ಕಾಂಜಿ ಎದ್ದುನಿಂತು, ಕೂಟ ರಂಗೇರಿರುವಾಗಲೇ ನಿಲ್ಲಿಸಬೇಕಾಗಿ ಬಂದಿದೆ ಎಂದು ವಿನಯದಿಂದ ಕೇಳಿಕೊಳ್ಳುತ್ತಾನೆ. ಎಲ್ಲರೂ ಒಮ್ಮೆ ಒಟ್ಟಿಗೆ ಚಪ್ಪಾಳೆ ತಟ್ಟುತ್ತಾರೆ. ಮೊದಲ ಕೂಟ ಅಲ್ಲಿಗೆ ಮುಗಿಯುತ್ತದೆ. ಎರಡನೆಯದು ನಿಜಿಕಾಯ್; ಅದಾದ ಮೇಲೆ ಸಂಜಿಕಾಯ್. ನಡುರಾತ್ರಿ ದಾಟುತ್ತಿದ್ದಂತೆ ಕೊನೆಯ ರೈಲು ಹೊರಟುಬಿಡುತ್ತದೆ; ಅದು ತಪ್ಪಿದರೆ ಬೆಳಗಿನ ಜಾವದ ಮೊದಲ ರೈಲಿನವರೆಗೆ ಊರು ನಿಮ್ಮನ್ನು ಬಿಡುವುದಿಲ್ಲ. 1979ರಲ್ಲಿ ಒಸಾಕಾದಲ್ಲಿ ಆರಂಭವಾದ ಕ್ಯಾಪ್ಸೂಲ್ ಹೋಟೆಲ್ ದೇಶವಿಡೀ ಹಬ್ಬಿದ್ದರಲ್ಲಿ ಹೀಗೆ ರೈಲು ತಪ್ಪಿಸಿಕೊಂಡ ನೌಕರರ ಪಾಲು ದೊಡ್ಡದು.

ಇಷ್ಟೊಂದು ಕಟ್ಟುನಿಟ್ಟಿರುವ ಜಾಗದಲ್ಲೇ ಕಟ್ಟು ಸಡಿಲಿಸುವ ಅನುಮತಿಯೂ ಇದೆ. ಹಿರಿಯರೊಬ್ಬರು 'ಈ ದಿನ ಬುರೇಕೋ' ಎಂದು ಸಾರುತ್ತಾರೆ. ದರ್ಜೆಯ ಮರ್ಯಾದೆಗಳನ್ನು ಬದಿಗಿಟ್ಟು ಮಾತನಾಡಬಹುದು ಎಂದು ಅದರ ಅರ್ಥ. ಈ ಪದಕ್ಕೆ ದೀರ್ಘ ಇತಿಹಾಸವಿದೆ. 14ನೇ ಶತಮಾನದಲ್ಲಿ ಚಕ್ರವರ್ತಿ ಗೋ-ದೈಗೊ ಕಾಲದ ಆಸ್ಥಾನಿಕರು ಕಾಮಾಕುರಾದ ಷೋಗುನ್, ಅಂದರೆ ಸೇನಾಧಿಪತಿಯ, ಆಡಳಿತವನ್ನು ಉರುಳಿಸಲು ಮಸಲತ್ತು ಮಾಡುತ್ತಿದ್ದಾಗ, ಪದವಿ ಕಿರೀಟಗಳನ್ನು ಕಳಚಿಟ್ಟು ಕುಡಿಯುತ್ತ ಮಾತನಾಡುವ ಇಂಥ ಕೂಟಗಳನ್ನು ನಡೆಸುತ್ತಿದ್ದರು ಎಂದು ಹಳೆಯ ಯುದ್ಧಗಾಥೆ ಹೇಳುತ್ತದೆ. ಹಗಲಿನಲ್ಲಿ ಆಡಲಾಗದ ಮಾತಿಗೆ ಮದ್ಯದ ಮರೆ ಬೇಕೆಂಬುದು ಅಷ್ಟು ಹಿಂದಿನಿಂದಲೂ ಬಂದ ತಿಳಿವಳಿಕೆ. ಆದರೆ ಇಂದಿನ ಕಂಪನಿಯಲ್ಲಿ ಬುರೇಕೋ ಎಂದಾಕ್ಷಣ ಬಾಯಿಗೆ ಬಂದದ್ದನ್ನು ಆಡಿಬಿಡಬಹುದು ಎಂದು ನಂಬಿದ ವಿದೇಶಿಯರು ಎಡವುತ್ತಾರೆ. ಮೇಲಧಿಕಾರಿಯ ಯೋಜನೆಯಲ್ಲಿರುವ ದೋಷವನ್ನು ಹೇಳಬಹುದು, ಅವರ ಯೋಗ್ಯತೆಯನ್ನು ಪ್ರಶ್ನಿಸುವಂತಿಲ್ಲ. ಗೆರೆ ಅಳಿದಿರುವುದಿಲ್ಲ, ತುಸು ಹಿಂದೆ ಸರಿದಿರುತ್ತದೆ ಅಷ್ಟೆ.

ಇದನ್ನು ವಿವರಿಸುವಾಗ ಎಲ್ಲರೂ ಹೇಳುವ ಎರಡು ಪದಗಳಿವೆ: ತತೆಮಾಎ, ಅಂದರೆ ಹೊರಗೆ ತೋರಿಸಬೇಕಾದ ನಿಲುವು, ಹೊನ್ನೆ, ಅಂದರೆ ಮನಸ್ಸಿನೊಳಗಿನ ನಿಜ. ಹಗಲು ತತೆಮಾಎ, ರಾತ್ರಿ ಹೊನ್ನೆ ಎಂದು ಸರಳವಾಗಿ ಹೇಳಿ ಮುಗಿಸುವವರಿದ್ದಾರೆ. ನನ್ನ ಅನುಭವದಲ್ಲಿ ಅದಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದ ಪದ ನೆಮವಾಶಿ. ಬೆಳೆದ ಮರವನ್ನು ಬೇರೆಡೆ ನೆಡುವ ಮೊದಲು ಬೇರಿನ ಸುತ್ತ ಅಗೆದು, ಬೇರು ಸವರಿ, ಅದನ್ನು ಸಿದ್ಧಗೊಳಿಸುವ ತೋಟಗಾರಿಕೆಯ ಕೆಲಸದ ಹೆಸರು ಅದು. ಕಚೇರಿಯಲ್ಲಿ ಅದರರ್ಥ, ಸಭೆಗೆ ಮುಂಚೆಯೇ ಸಂಬಂಧಪಟ್ಟ ಪ್ರತಿಯೊಬ್ಬರನ್ನೂ ಬೇರೆ ಬೇರೆಯಾಗಿ ಕಂಡು, ಅವರ ಕಿವಿಗೆ ಒಂದು ಮಾತು ಹಾಕಿಟ್ಟು, ಅಸಮಾಧಾನವಿದ್ದರೆ ತಿಳಿದುಕೊಂಡು ಸರಿಪಡಿಸಿಬರುವುದು. ಜಪಾನಿನ ಸಭೆಗಳಲ್ಲಿ ವಿರೋಧ ಕೇಳಿಬರುವುದು ಅಪರೂಪ, ಏಕೆಂದರೆ ವಿರೋಧಿಸಬೇಕಾದವರು ಆಗಲೇ ವಿರೋಧಿಸಿ ಮುಗಿಸಿರುತ್ತಾರೆ. ಎಲ್ಲಿ? ಕಾರಿಡಾರಿನಲ್ಲಿ, ಸಿಗರೇಟು ಸೇದುವ ಕೋಣೆಯಲ್ಲಿ, ಮತ್ತು ಬಹುಪಾಲು ಈ ಮೇಜಿನ ಸುತ್ತ. ಆಮೇಲೆ ಹೊರಡುವ ಕಡತಕ್ಕೆ ಒಬ್ಬೊಬ್ಬರೇ ಮುದ್ರೆ ಒತ್ತುತ್ತ ಹೋಗುವುದು ಕೊನೆಯ ವಿಧಿ ಮಾತ್ರ. ಸಭೆಯೇ ತೀರ್ಮಾನದ ಜಾಗವೆಂದು ನಂಬಿ, ರಾತ್ರಿಯಿಡೀ ಸಿದ್ಧತೆ ಮಾಡಿಕೊಂಡು, ಬೆಳಿಗ್ಗೆ ಸಭೆಯಲ್ಲಿ ಬಲವಾಗಿ ವಾದ ಮಂಡಿಸುವ ಬೆಂಗಳೂರಿನ ಎಂಜಿನಿಯರ್‌ಗೆ ಎಲ್ಲರೂ ಮೌನವಾಗಿ ತಲೆಯಾಡಿಸಿ ಏನೂ ಮಾಡದೆ ಎದ್ದುಹೋಗುವುದು ಏಕೆಂದು ತಿಳಿಯುವುದಿಲ್ಲ. ಆತ ತಪ್ಪು ಹೇಳಿರುವುದಿಲ್ಲ, ತಡವಾಗಿ ಹೇಳಿರುತ್ತಾನೆ.

ಇನ್ನು ಕುಡಿಯದವರ ವಿಚಾರ. ನಮ್ಮಲ್ಲಿ, ಅದರಲ್ಲೂ ಕರ್ನಾಟಕದ ಮಧ್ಯಮ ವರ್ಗದ ಮನೆಗಳಲ್ಲಿ, ಕುಡಿಯುವುದು ಅಥವಾ ಕುಡಿಯದಿರುವುದು ವ್ಯಕ್ತಿಯ ನಡತೆಗೆ ಸಂಬಂಧಿಸಿದ ಸಂಗತಿ. 'ನಾನು ಕುಡಿಯುವುದಿಲ್ಲ' ಎಂಬ ಮಾತಿನಲ್ಲಿ ಒಂದು ನಿಲುವು, ಸ್ವಲ್ಪ ಹೆಮ್ಮೆ, ಎದುರಿಗಿರುವವರ ಬಗ್ಗೆ ಹೇಳದೇ ಉಳಿದ ಒಂದು ಅಭಿಪ್ರಾಯ ಎಲ್ಲವೂ ಸೇರಿರುತ್ತವೆ. ಜಪಾನಿ ಭಾಷೆಯಲ್ಲಿ ಇದಕ್ಕೆ ಎರಡು ರೂಪಗಳಿವೆ. ನೊಮನಾಯ್ ಎಂದರೆ 'ಕುಡಿಯುವುದಿಲ್ಲ'. ನೊಮೆನಾಯ್ ಎಂದರೆ 'ಕುಡಿಯಲು ಆಗುವುದಿಲ್ಲ'. ಮೊದಲನೆಯದು ನಿರಾಕರಣೆ, ಎರಡನೆಯದು ಅಶಕ್ತಿ. ಒಂದೇ ಸ್ವರದ ವ್ಯತ್ಯಾಸ. ಮೊದಲ ಕೂಟದಲ್ಲಿ ನಾನು ನೊಮನಾಯ್ ಎಂದಾಗ ಮೇಜಿನ ಸುತ್ತ ಒಂದು ಕ್ಷಣ ಮೌನ ಕವಿದದ್ದು ಇಂದಿಗೂ ನೆನಪಿದೆ. ನಾನು ಮದ್ಯವನ್ನು ಒಲ್ಲೆ ಎಂದಿದ್ದೆ, ಅವರಿಗೆ ತಮ್ಮ ಜೊತೆಯನ್ನೇ ಒಲ್ಲೆ ಎಂದಂತೆ ಕೇಳಿಸಿತ್ತು. ಪಕ್ಕದಲ್ಲಿದ್ದ ಹಿರಿಯ ಸಹೋದ್ಯೋಗಿಯೊಬ್ಬರು ಮೆಲ್ಲಗೆ ನೊಮೆನಾಯ್ ಎಂದು ತಿದ್ದಿ, ತಾವೂ ಗೆಕೊ, ಅಂದರೆ ಕುಡಿಯಲಾಗದ ಮೈಯವರು ಎಂದು ಹೇಳಿ, ಇಬ್ಬರಿಗೂ ಊಲಾಂಗ್ ಚಹಾ ತರಿಸಿದರು. ಆ ಚಹಾದಲ್ಲೂ ಎಚ್ಚರ ಬೇಕು. ಊರೊನ್‌ಚಾ ಎಂದರೆ ಬರಿಯ ಚಹಾ; ಊರೊನ್‌ಹಾಯ್ ಎಂದರೆ ಅದಕ್ಕೆ ಶೋಚು ಎಂಬ ಮದ್ಯ ಬೆರೆಸಿದ್ದು. ಗ್ಲಾಸಿನಲ್ಲಿ ಎರಡರ ಬಣ್ಣವೂ ಒಂದೇ.

ಗೆಕೊ ಎಂಬ ಪದ ಮುಖ್ಯ. ಜಪಾನೀಯರೆಲ್ಲ ಕುಡುಕರೆಂಬ ಕಲ್ಪನೆಗೆ ವಿಜ್ಞಾನದಲ್ಲೇ ಅಡ್ಡಿಯಿದೆ. ಮದ್ಯ ದೇಹದಲ್ಲಿ ಅಸಿಟಾಲ್ಡಿಹೈಡ್ ಎಂಬ ವಿಷಕಾರಿ ವಸ್ತುವಾಗಿ ಮಾರ್ಪಡುತ್ತದೆ. ಅದನ್ನು ಮುಂದಕ್ಕೆ ಒಡೆಯುವ ಕಿಣ್ವ ಜಪಾನಿನ ಸುಮಾರು ಶೇ 40ರಷ್ಟು ಜನರಲ್ಲಿ ವಂಶವಾಹಿಯ ಕಾರಣದಿಂದ ದುರ್ಬಲವಾಗಿದೆ, ಇಲ್ಲವೇ ಕೆಲಸವನ್ನೇ ಮಾಡುವುದಿಲ್ಲ. ಅಂಥವರಿಗೆ ಅರ್ಧ ಗ್ಲಾಸು ಬಿಯರಿಗೇ ಮುಖ ಕೆಂಪಾಗಿ, ಎದೆ ಬಡಿದು, ತಲೆ ಸಿಡಿಯತೊಡಗುತ್ತದೆ. ಮೈ ಒಪ್ಪದ ವಸ್ತುವನ್ನು ಕೂಟದ ಮುಲಾಜಿಗೆ ಗುಟುಕರಿಸುತ್ತ ದಶಕಗಳನ್ನು ಕಳೆದ ಕೋಟ್ಯಂತರ ಜನ ಆ ದೇಶದಲ್ಲಿದ್ದಾರೆ ಎಂಬುದು ನನ್ನನ್ನು ಇಂದಿಗೂ ಕಲಕುವ ಸಂಗತಿ. ವಿದೇಶಿಗೆ 'ನಮ್ಮ ಪದ್ಧತಿಯಲ್ಲ' ಎಂದು ಹೇಳಿ ತಪ್ಪಿಸಿಕೊಳ್ಳುವ ಅವಕಾಶವಾದರೂ ಇದೆ. ಅಲ್ಲಿಯೇ ಹುಟ್ಟಿದವನಿಗೆ ಆ ಮಾತೂ ಇರಲಿಲ್ಲ.

ಸಸ್ಯಾಹಾರಿಯ ಪಾಡು ಮತ್ತೊಂದು. ಬಿಸಿಬಿಸಿ ಎದಾಮಾಮೆ, ಅಂದರೆ ಉಪ್ಪು ಹಾಕಿ ಬೇಯಿಸಿದ ಎಳೆಯ ಸೋಯಾ ಕಾಯಿ, ನಿರಾತಂಕವಾಗಿ ತಿನ್ನಬಹುದು. ನಮ್ಮ ಅವರೆಕಾಯಿ ಸುಲಿದಂತೆ ಸುಲಿದು ತಿನ್ನುತ್ತ ಎರಡು ಗಂಟೆ ದೂಡಬಹುದು. ತಣ್ಣನೆಯ ತೋಫು ಬಂದಾಗ ಅದರ ಮೇಲೆ ಒಣಮೀನಿನ ಹೆರಕಲು ಉದುರಿಸಿರುತ್ತಾರೆ. ತರಕಾರಿ ಬೇಯಿಸಿದ ನೀರಿನಲ್ಲೂ ಮೀನಿನ ಸಾರವಿರುತ್ತದೆ. ಎಲ್ಲರೂ ಒಂದೇ ತಟ್ಟೆಯಿಂದ ತಮ್ಮ ಕಡ್ಡಿಗಳಲ್ಲೇ ಎತ್ತಿಕೊಳ್ಳುವುದನ್ನು ಕಂಡಾಗ ನನಗೆ ಎಂಜಲಿನ ಅಳುಕು ಕಾಡಿತ್ತು. ಅಲ್ಲಿಯೂ ಅದಕ್ಕೆ ಜಿಕಬಾಶಿ ಎಂಬ ಹೆಸರಿದೆ, ಹಿರಿಯರ ಎದುರು ಅದು ಅಸಭ್ಯವೆಂದು ಬಗೆಯುವವರಿದ್ದಾರೆ, ಬಡಿಸಿಕೊಳ್ಳಲೆಂದೇ ಬೇರೆ ಕಡ್ಡಿ ಕೇಳಿ ಪಡೆಯಬಹುದು ಎಂದು ಗೊತ್ತಾದದ್ದು ಬಹಳ ತಡವಾಗಿ. ನಮ್ಮದೇ ಎಂದು ನಾವು ಭಾವಿಸಿದ ಸಂಕೋಚಗಳಲ್ಲಿ ಕೆಲವು ಎದುರಿಗಿರುವವರಲ್ಲೂ ಇರುತ್ತವೆ, ಕೇಳುವ ಧೈರ್ಯ ಮಾಡಬೇಕಷ್ಟೆ.

ಈ ಕೂಟ ಕೆಲಸವೋ ಅಲ್ಲವೋ ಎಂಬ ಪ್ರಶ್ನೆ ಜಪಾನಿನ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿದೆ. ಫುಕುವೊಕಾ ಪ್ರಾಂತದ ಕಾರ್ಖಾನೆಯೊಂದರ ವತಿಯಿಂದ 2010ರ ಡಿಸೆಂಬರ್‌ನಲ್ಲಿ ಚೀನಾದ ತರಬೇತಿ ನೌಕರರಿಗಾಗಿ ಸ್ವಾಗತ ಮತ್ತು ಬೀಳ್ಕೊಡುಗೆಯ ಕೂಟ ಏರ್ಪಾಡಾಗಿತ್ತು. ನೌಕರರೊಬ್ಬರಿಗೆ ಮರುದಿನದೊಳಗೆ ಮುಗಿಸಬೇಕಾದ ಕಡತವಿತ್ತು. ಬರಲಾಗದು ಎಂದು ಅವರು ಹೇಳಿದರು. ಕೂಟಕ್ಕೆ ಬಂದುಹೋಗಿ, ಆಮೇಲೆ ಕಡತವನ್ನು ಒಟ್ಟಿಗೆ ಮುಗಿಸೋಣ ಎಂಬ ಅರ್ಥದಲ್ಲಿ ಮೇಲಧಿಕಾರಿ ಒತ್ತಾಯಿಸಿದರು. ಅವರು ಕೆಲಸದ ಉಡುಪಿನಲ್ಲೇ ತಡವಾಗಿ ಹೋದರು, ಮದ್ಯ ಮುಟ್ಟಲಿಲ್ಲ. ಕುಡಿದಿದ್ದ ತರಬೇತಿ ನೌಕರರನ್ನು ಅವರ ವಸತಿಗೆ ಬಿಟ್ಟು ಕಾರ್ಖಾನೆಗೆ ಮರಳುವ ಉದ್ದೇಶದಿಂದ ಕಾರು ಚಲಾಯಿಸುತ್ತಿದ್ದಾಗ ಲಾರಿಗೆ ಡಿಕ್ಕಿಯಾಗಿ ಸತ್ತರು. ಕೂಟವು ಖಾಸಗಿ ಸಂಗತಿ, ಆದ್ದರಿಂದ ಇದು ಕೆಲಸದ ವೇಳೆಯ ಸಾವಲ್ಲ ಎಂದು ಕಾರ್ಮಿಕ ಇಲಾಖೆ ಪರಿಹಾರ ನಿರಾಕರಿಸಿತು. ಕೆಳ ನ್ಯಾಯಾಲಯಗಳೂ ಹಾಗೆಯೇ ಹೇಳಿದವು. ಮೃತರ ಪತ್ನಿ ಬಿಡದೆ ಹೋರಾಡಿದರು. 2016ರ ಜುಲೈ 8ರಂದು ಸರ್ವೋಚ್ಚ ನ್ಯಾಯಾಲಯ ಆ ತೀರ್ಪುಗಳನ್ನು ತಳ್ಳಿಹಾಕಿ, ಅದು ಕೆಲಸದ ನಿಮಿತ್ತ ಆದ ಸಾವೇ ಎಂದು ಹೇಳಿತು. ಹೋಗದೇ ಇರಲಾಗದ ಸ್ಥಿತಿಯನ್ನು ಕಂಪನಿಯೇ ತಂದಿಟ್ಟಿತ್ತು ಎಂಬುದು ಆ ತೀರ್ಪಿನ ತಿರುಳು.

ಒಂದು ತೀರ್ಪಿನಿಂದ ಎಲ್ಲ ಕೂಟಗಳೂ ಕೆಲಸದ ಸಮಯವಾಗಿಬಿಡಲಿಲ್ಲ, ನಿಜ. ಅಧಿಕಾವಧಿ ಕೆಲಸಕ್ಕೆ ಕನಿಷ್ಠ ಶೇ 25ರಷ್ಟು ಹೆಚ್ಚುವರಿ ಕೂಲಿ ಕೊಡಬೇಕೆಂಬ ಕಾನೂನು ಇರುವ ದೇಶದಲ್ಲಿ, ರಾತ್ರಿ ಹನ್ನೊಂದರವರೆಗೆ ಮೇಲಧಿಕಾರಿಯ ಗ್ಲಾಸು ತುಂಬಿಸಿದ ಕಿರಿಯನಿಗೆ ಏನೂ ದಕ್ಕುವುದಿಲ್ಲ. ಅವನ ಪಾಲಿನ ಕೆಲವು ಸಾವಿರ ಯೆನ್ ಅವನ ಜೇಬಿನಿಂದಲೇ ಹೋಗುತ್ತದೆ. ಹೆಂಗಸರ ಮಾತಂತೂ ಇನ್ನೂ ಕಷ್ಟದ್ದು. ಸಮಾನ ಉದ್ಯೋಗಾವಕಾಶದ ಕಾನೂನು 1986ರಲ್ಲಿ ಜಾರಿಗೆ ಬಂದರೂ, ಕಚೇರಿಯ ಸಮಾನತೆ ಪಾನಗೃಹದ ಬಾಗಿಲಲ್ಲೇ ನಿಂತುಬಿಡುತ್ತಿತ್ತು. ಗ್ಲಾಸು ತುಂಬಿಸುವ ಕೆಲಸ ತಾನಾಗಿಯೇ ಮಹಿಳೆಯ ಪಾಲಿಗೆ ಬರುತ್ತಿತ್ತು. ಆರು ಗಂಟೆಗೆ ಮಗುವನ್ನು ಶಿಶುವಿಹಾರದಿಂದ ಕರೆತರಬೇಕಾದವಳು ಕೂಟಕ್ಕೆ ಬರಲಾರಳು, ಕೂಟದಲ್ಲಿ ಆದ ಮಾತು ಅವಳಿಗೆ ತಿಳಿಯದು, ತಿಳಿಯದ್ದರಿಂದ ಅವಳ ಮಾತಿಗೆ ತೂಕ ಬಾರದು. ಬಡ್ತಿಯ ಪಟ್ಟಿಯಲ್ಲಿ ಹೆಂಗಸರ ಹೆಸರು ಏಕಿಲ್ಲ ಎಂದು ಚರ್ಚಿಸುವವರು ಈ ಮೇಜಿನ ಕಡೆ ನೋಡಿದ್ದು ಕಡಿಮೆ.

ಬದಲಾವಣೆ ಬಂದದ್ದು ಒಂದೇ ದಿಕ್ಕಿನಿಂದಲ್ಲ. 2019ರ ಏಪ್ರಿಲ್‌ನಿಂದ ದೊಡ್ಡ ಕಂಪನಿಗಳಲ್ಲಿ ಅಧಿಕಾವಧಿ ಕೆಲಸಕ್ಕೆ ತಿಂಗಳಿಗೆ 45 ಗಂಟೆ, ವರ್ಷಕ್ಕೆ 360 ಗಂಟೆಯ ಸಾಮಾನ್ಯ ಮಿತಿ ಬಂತು. ಆ ವರ್ಷದ ಡಿಸೆಂಬರ್‌ನಲ್ಲಿ ಯುವಕರು ವರ್ಷಾಂತ್ಯದ ಕೂಟವನ್ನು, ಅಂದರೆ ಮುಗಿಯುತ್ತಿರುವ ವರ್ಷದ ಕಷ್ಟಗಳನ್ನು ಮರೆಯಲೆಂದು ನಡೆಸುವ ಬೊನೆಂಕಾಯ್ ಅನ್ನು, ತಪ್ಪಿಸಿಕೊಳ್ಳುವುದರ ಬಗ್ಗೆ ಸಾಮಾಜಿಕ ಜಾಲತಾಣಗಳಲ್ಲಿ ಬಹಿರಂಗವಾಗಿ ಮಾತನಾಡತೊಡಗಿದರು; 'ಬೊನೆಂಕಾಯ್ ಸುರೂ', ಅಂದರೆ ಕೂಟಕ್ಕೆ ಹೋಗದೆ ಜಾರಿಕೊಳ್ಳುವುದು, ಎಂಬ ಮಾತೇ ಹುಟ್ಟಿಕೊಂಡಿತು. ಅಧಿಕಾರದ ಬಲದಿಂದ ಕಿರುಕುಳ ಕೊಡುವುದನ್ನು ತಡೆಯುವ ಹೊಣೆಯನ್ನು ಕಾನೂನು 2020ರ ಜೂನ್‌ನಿಂದ ದೊಡ್ಡ ಕಂಪನಿಗಳ ಮೇಲೆ, 2022ರ ಏಪ್ರಿಲ್‌ನಿಂದ ಸಣ್ಣ ಕಂಪನಿಗಳ ಮೇಲೂ ಹೊರಿಸಿತು. ಬಲವಂತವಾಗಿ ಕುಡಿಸುವುದಕ್ಕೆ ಅರುಹರಾ ಎಂಬ ಹೆಸರು ಮೊದಲೇ ಇತ್ತು, ಈಗ ಅದನ್ನು ದೂರಾಗಿ ಹೇಳಲು ಒಂದು ಜಾಗ ಸಿಕ್ಕಿತು. ಆಮೇಲೆ ಕೋವಿಡ್. ಟೋಕಿಯೊದ ಪಾನಗೃಹಗಳು ರಾತ್ರಿ ಎಂಟಕ್ಕೇ ಬಾಗಿಲು ಹಾಕುವಂತಾಯಿತು, 2021ರ ಒಂದು ಹಂತದಲ್ಲಿ ಮದ್ಯ ಪೂರೈಸುವುದನ್ನೇ ನಿಲ್ಲಿಸಬೇಕಾಯಿತು. ಕೂಟವಿಲ್ಲದೆಯೂ ಕಂಪನಿಗಳು ನಡೆದವು. ಅದನ್ನು ಎಲ್ಲರೂ ನೋಡಿದರು. ನಿಪ್ಪೊನ್ ಲೈಫ್ ವಿಮಾ ಕಂಪನಿ 2021ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ, ಕುಡಿಯುತ್ತ ಬೆಸೆಯುವ ಈ ಬಾಂಧವ್ಯ ಅನಗತ್ಯ ಎಂದವರು ಶೇ 62ರಷ್ಟು. ಆ ಸಮೀಕ್ಷೆ ಶುರುವಾದಂದಿನಿಂದ ಬೇಡ ಎಂದವರೇ ಹೆಚ್ಚಾದದ್ದು ಅದೇ ಮೊದಲು.

ಸರ್ಕಾರದ ಒಳಗೇ ಎರಡು ದನಿಗಳಿವೆ. 1995ರಲ್ಲಿ ವಯಸ್ಕರೊಬ್ಬರ ಸರಾಸರಿ ಮದ್ಯ ಬಳಕೆ ವರ್ಷಕ್ಕೆ 100 ಲೀಟರ್ ಇದ್ದದ್ದು 2020ಕ್ಕೆ 75 ಲೀಟರ್‌ಗೆ ಇಳಿದಿತ್ತು. ತೆರಿಗೆ ಆದಾಯ ಕುಗ್ಗಿದ್ದರಿಂದ ರಾಷ್ಟ್ರೀಯ ತೆರಿಗೆ ಸಂಸ್ಥೆಯು 2022ರಲ್ಲಿ 20ರಿಂದ 39 ವಯಸ್ಸಿನವರಿಗಾಗಿ ಸ್ಪರ್ಧೆಯೊಂದನ್ನು ಏರ್ಪಡಿಸಿ, ಮದ್ಯಕ್ಕೆ ಮತ್ತೆ ಬೇಡಿಕೆ ಹುಟ್ಟಿಸುವ ಉಪಾಯ ಹೇಳಿ ಎಂದು ಯುವಕರನ್ನೇ ಕೇಳಿತು. ಎರಡು ವರ್ಷ ಕಳೆಯುವಷ್ಟರಲ್ಲಿ, 2024ರ ಫೆಬ್ರುವರಿಯಲ್ಲಿ, ಆರೋಗ್ಯ ಸಚಿವಾಲಯವು ದಿನಕ್ಕೆ ಗಂಡಸರು 40 ಗ್ರಾಂ, ಹೆಂಗಸರು 20 ಗ್ರಾಂ ಶುದ್ಧ ಆಲ್ಕೋಹಾಲ್ ಅಥವಾ ಅದಕ್ಕಿಂತ ಹೆಚ್ಚು ಸೇವಿಸಿದರೆ ಕಾಯಿಲೆಯ ಅಪಾಯ ಏರುತ್ತದೆ ಎಂದು ಮಾರ್ಗಸೂಚಿ ಹೊರಡಿಸಿತು. ಮದ್ಯ ತಯಾರಕರೇ ಕುಡಿಯದವರ ಕಡೆ ತಿರುಗಿದ್ದಾರೆ. ಮದ್ಯವೇ ಇಲ್ಲದ ಅಥವಾ ತೀರ ಕಡಿಮೆ ಇರುವ ಪೇಯಗಳಿಗೆಂದೇ ಬಿಯರ್ ಕಂಪನಿ ಅಸಾಹಿಯ ಬಳಗ 2022ರಲ್ಲಿ ಟೋಕಿಯೊದ ಶಿಬುಯಾದಲ್ಲಿ ಬಾರ್ ತೆರೆಯಿತು.

ಇದೆಲ್ಲ ಒಳ್ಳೆಯದೇ. ಮೈ ಒಪ್ಪದವರು ಕುಡಿಯಬೇಕಾಗಿಲ್ಲ, ಮಗುವಿನ ತಾಯಿ ಅಪರಾಧಿ ಭಾವದಿಂದ ಮನೆಗೆ ಓಡಬೇಕಾಗಿಲ್ಲ, ಕಿರಿಯರು ನಿದ್ದೆಗೆಟ್ಟು ಕೊನೆಯ ರೈಲಿಗೆ ಕಾಯಬೇಕಾಗಿಲ್ಲ. ಇದರಲ್ಲಿ ನಾನು ಮರಳಿ ಬರಲಿ ಎಂದು ಬಯಸುವಂಥದ್ದು ಏನೂ ಇಲ್ಲ. ಆದರೆ ಮೇಜು ಹೋಯಿತೆಂದ ಮಾತ್ರಕ್ಕೆ ಮೇಜಿನ ಮೇಲೆ ಆಗುತ್ತಿದ್ದ ಕೆಲಸ ಕಚೇರಿಯೊಳಗೆ ಬಂತೇ ಎಂದರೆ, ಬಹಳ ಕಡೆ ಬಂದಿಲ್ಲ. ತೀರ್ಮಾನಗಳು ಈಗಲೂ ಸಭೆಗೆ ಮುಂಚೆಯೇ ಆಗುತ್ತವೆ. ಕಿವಿಗೆ ಹಾಕಿಡುವ ಮಾತು ಈಗಲೂ ಹರಿದಾಡುತ್ತದೆ. ಆದರೆ ಹನ್ನೆರಡು ಜನರ ಮೇಜಿನ ಬದಲು ನಾಲ್ಕು ಜನರ ನಡುವೆ, ಇಪ್ಪತ್ತು ವರ್ಷಗಳಿಂದ ಒಬ್ಬರನ್ನೊಬ್ಬರು ಬಲ್ಲವರ ನಡುವೆ. ದೊಡ್ಡ ಕೂಟಕ್ಕೆ ಎಲ್ಲರನ್ನೂ ಕರೆಯಲೇಬೇಕಿತ್ತು. ವಿದೇಶಿಯೂ, ಹೊಸಬನೂ, ಅರೆಕಾಲಿಕ ನೌಕರಳೂ ಆ ಪಟ್ಟಿಯಲ್ಲಿರುತ್ತಿದ್ದರು. ಚಿಕ್ಕ ಗುಂಪಿಗೆ ಪಟ್ಟಿಯೇ ಇಲ್ಲ. ಕೂಟ ಬೇಡವೆಂದ ಜಪಾನಿ ಯುವಕನಿಗೆ ವಿಶ್ವವಿದ್ಯಾಲಯದ ಹಿರಿಯರ ಬಳಗವಿದೆ, ಒಂದೇ ವರ್ಷ ಕೆಲಸಕ್ಕೆ ಸೇರಿದ ದೋಕಿ ಎಂಬ ಜೊತೆಗಾರರ ಬಳಗವಿದೆ, ಎಲ್ಲಕ್ಕಿಂತ ಮಿಗಿಲಾಗಿ ಮಾತೃಭಾಷೆಯ ಕಿವಿಯಿದೆ. ಹೇಳದೇ ಬಿಟ್ಟದ್ದನ್ನೂ ಅವನು ಕೇಳಿಸಿಕೊಳ್ಳಬಲ್ಲ. ಟೋಕಿಯೊದ ನಿಶಿ ಕಸಾಯ್ ಬಡಾವಣೆಯಲ್ಲಿ ಭಾರತೀಯ ದಿನಸಿ ಅಂಗಡಿಗಳ ನಡುವೆ ಮನೆ ಮಾಡಿಕೊಂಡು, ಸಂಜೆ ಆರೂವರೆಗೆ ಲ್ಯಾಪ್‌ಟಾಪ್ ಮುಚ್ಚಿ ಮನೆಗೆ ಬರುವ ಬೆಂಗಳೂರಿನ ಹುಡುಗಿಗೆ ಇದಾವುದೂ ಇಲ್ಲ. ಕೂಟದ ಹೊರೆ ತಪ್ಪಿದ್ದು ಅವಳಿಗೂ ನೆಮ್ಮದಿಯೇ. ಆದರೆ ತನಗೆ ತಿಳಿಯದೇ ಹೋದದ್ದು ಏನೆಂಬುದೂ ಅವಳಿಗೆ ಈಗ ತಿಳಿಯದು.

ಬಿಡದಿಯಲ್ಲಿ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆ 1999ರಲ್ಲಿ ಉತ್ಪಾದನೆ ಆರಂಭಿಸಿದ ಕಾಲದಿಂದ ಕನ್ನಡಿಗರಿಗೆ ಜಪಾನಿ ಮೇಲಧಿಕಾರಿಗಳ ಒಡನಾಟ ಹೊಸದಲ್ಲ. ಅಲ್ಲಿ ಬೆಳೆದ ಒಂದು ನಂಬಿಕೆಯೆಂದರೆ ಜಪಾನೀಯರು ಎಲ್ಲವನ್ನೂ ಬರೆದಿಡುತ್ತಾರೆ ಎಂಬುದು. ಕಾರ್ಖಾನೆಯ ಕೆಲಸದ ಕ್ರಮವನ್ನು ಅವರು ಬರೆದಿಡುವುದು ನಿಜ, ಒಂದು ತಿರುಪನ್ನು ಎಷ್ಟು ಬಿಗಿಯಾಗಿ ತಿರುಗಿಸಬೇಕೆಂಬುದಕ್ಕೂ ಗೋಡೆಯ ಮೇಲೆ ಹಾಳೆ ಅಂಟಿಸಿರುತ್ತದೆ. ಆದರೆ ವಿಭಾಗ ಮುಖ್ಯಸ್ಥರಿಗೆ ಒಂದು ಯೋಜನೆಯ ಬಗ್ಗೆ ಏನನಿಸಿದೆ ಎಂಬುದನ್ನು ಬರೆದ ಹಾಳೆ ಎಲ್ಲಿಯೂ ಇರುವುದಿಲ್ಲ. ತಿರುಪಿನ ವಿಷಯದಲ್ಲಿ ತೋರಿದ ಶ್ರದ್ಧೆಯನ್ನು ತೀರ್ಮಾನಗಳ ವಿಷಯದಲ್ಲೂ ತೋರಿಸಬೇಕು ಎಂಬುದೇ ನನ್ನ ಬೇಡಿಕೆ: ಯಾವ ಸಂಗತಿ ಚರ್ಚೆಯಲ್ಲಿದೆ, ಯಾರ ಒಪ್ಪಿಗೆ ಬಾಕಿಯಿದೆ, ಯಾವಾಗಿನವರೆಗೆ ಆಕ್ಷೇಪ ಹೇಳಬಹುದು ಎಂಬುದು ಕೆಲಸದ ವೇಳೆಯಲ್ಲೇ, ಎಲ್ಲರ ಕಣ್ಣಿಗೆ ಬೀಳುವ ಜಾಗದಲ್ಲಿ ಇರಬೇಕು. ಸರ್ವೋಚ್ಚ ನ್ಯಾಯಾಲಯ ಒಂದು ಸಾವಿನ ಸಂದರ್ಭದಲ್ಲಿ ಒಪ್ಪಿಕೊಂಡದ್ದನ್ನು ಕಂಪನಿಗಳು ಬದುಕಿರುವವರ ವಿಷಯದಲ್ಲಿ ಒಪ್ಪಿಕೊಂಡರೆ ಸಾಕು.

ಇದು ಹೇಳಿದಷ್ಟು ಸುಲಭವಲ್ಲ ಎಂಬುದನ್ನೂ ಕಂಡಿದ್ದೇನೆ. ನನ್ನ ಕೊನೆಯ ವರ್ಷದಲ್ಲಿ ನಮ್ಮ ವಿಭಾಗ ಸಂಜೆಯ ಕೂಟವನ್ನು ನಿಲ್ಲಿಸಿ, ತಿಂಗಳಿಗೊಮ್ಮೆ ಮಧ್ಯಾಹ್ನದ ಊಟವನ್ನು ಒಟ್ಟಿಗೆ ಮಾಡುವ ಪದ್ಧತಿ ತಂದಿತು. ಸಭಾಕೊಠಡಿಯ ಮೇಜಿನ ಮೇಲೆ ಬೆಂತೊ ಡಬ್ಬಿಗಳು, ಕಾಗದದ ಲೋಟಗಳಲ್ಲಿ ಬಾರ್ಲಿ ಚಹಾ. ನನ್ನ ಡಬ್ಬಿಯ ಮೇಲೆ ಕಾಂಜಿ ಪೆನ್ಸಿಲಿನಲ್ಲಿ ನನ್ನ ಹೆಸರು ಬರೆದು ಬೇರೆಯಾಗಿ ತರಿಸುತ್ತಿದ್ದ. ಮೊದಲ ಮೂರು ತಿಂಗಳು ಯಾರೂ ಏನೂ ಮಾತನಾಡಲಿಲ್ಲ. ಹವೆ, ರೈಲು, ಬೇಸ್‌ಬಾಲ್ ಇಷ್ಟೇ. ಮೂವತ್ತು ವರ್ಷ ಮದ್ಯದ ಮರೆಯಲ್ಲಿ ಮಾತ್ರ ಮನಸ್ಸು ಬಿಚ್ಚಿ ರೂಢಿಯಾದವರಿಗೆ ಹಗಲಿನ ಬೆಳಕಿನಲ್ಲಿ ಬಾಯಿ ಬರುತ್ತಿರಲಿಲ್ಲ. ನಾಲ್ಕನೆಯ ತಿಂಗಳು ಊಟ ಮುಗಿಯುವ ಹೊತ್ತಿಗೆ ನಮ್ಮ ಬುಚೊ, ಅಂದರೆ ವಿಭಾಗ ಮುಖ್ಯಸ್ಥರು, ಕಡ್ಡಿಗಳನ್ನು ಡಬ್ಬಿಯ ಮೇಲೆ ಅಡ್ಡಲಾಗಿಟ್ಟು, ಕಳೆದ ತಿಂಗಳು ತಾವು ತಂದ ಬದಲಾವಣೆಯ ಬಗ್ಗೆ ನಿಮಗೆಲ್ಲ ನಿಜವಾಗಿ ಏನನಿಸುತ್ತದೆ ಎಂದು ಕೇಳಿದರು. ಹೊನ್ನೆ ಎಂಬ ಪದವನ್ನೇ ಬಳಸಿದರು. ನಾನು ತಡವರಿಸುತ್ತಿದ್ದೆ. ಮೊದಲು ಮಾತನಾಡಿದವರು, ವರ್ಷಗಳ ಹಿಂದೆ ನನಗೆ ಊಲಾಂಗ್ ಚಹಾ ತರಿಸಿಕೊಟ್ಟಿದ್ದ ಆ ಹಿರಿಯ ಸಹೋದ್ಯೋಗಿ.